ಟಿಕ್ ಅನ್ನು ತಡೆಯಲು ಆಗುವುದಾದರೆ ಅದು ಕಾಯಿಲೆ ಹೇಗೆ?

ಟಿಕ್ ಎಂದರೆ ಹಠಾತ್ತಾಗಿ, ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದು. ಅದನ್ನು ತಡೆಯಲು ಹಲವರಿಗೆ ಆಗುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ತಕರಾರೆಲ್ಲ ಹುಟ್ಟುವುದು ಇಲ್ಲಿಯೇ. ತರಗತಿಯಲ್ಲಿ ಸುಮ್ಮನೆ ಕುಳಿತಿದ್ದ ಹುಡುಗ ಮನೆಗೆ ಬಂದು ಚೀಲ ಇಳಿಸಿದೊಡನೆ ಕಣ್ಣು ಮಿಟುಕಿಸಿ, ಭುಜ ಕುಣಿಸಿ, ಗಂಟಲು ಕೆರೆಯತೊಡಗಿದರೆ ‘ಬೇಕೆಂದೇ ಮಾಡುತ್ತಾನೆ’ ಎಂದು ದೊಡ್ಡವರು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ತಪ್ಪು.

ಟುರೆಟ್ ಸಿಂಡ್ರೋಮ್‌ನಂತಹ ಟಿಕ್ ತೊಂದರೆಗಳಲ್ಲಿ ಚಲನೆಗೆ ಮುಂಚೆ ಅದೇ ಜಾಗದಲ್ಲಿ ಬಿಗಿತವೋ ಒತ್ತಡವೋ ಕಾಣಿಸಿಕೊಳ್ಳುವುದುಂಟು. ಸೀನು ಬರುವ ಮುನ್ನ ಮೂಗಿನಲ್ಲಿ ಆಗುವ ಕಚಗುಳಿಯನ್ನು ನೆನೆಸಿಕೊಳ್ಳಿ. ಭುಜ ಕುಣಿಸಿದರೆ ಆ ಒತ್ತಡ ಇಳಿಯುತ್ತದೆ, ಕೊಂಚ ಹೊತ್ತಿಗೆ ಮತ್ತೆ ಏರುತ್ತದೆ. ಹೀಗಾಗಿ ‘ಮಾಡಿದ್ದು ನಾನೇ, ಆದರೆ ಮಾಡದೆ ಇರಲಾಗಲಿಲ್ಲ’ ಎಂಬ ಇಬ್ಬಂದಿ ಅನುಭವ. ಇನ್ಯಾರೋ ಕೈ ಹಿಡಿದು ಎಳೆದಂತೆಯೂ ಅಲ್ಲ, ಇಷ್ಟಪಟ್ಟು ಮಾಡಿದ್ದೂ ಅಲ್ಲ. ಚಿಕ್ಕ ಮಕ್ಕಳಿಗೆ ಈ ಮುನ್ಸೂಚನೆ ಅಷ್ಟಾಗಿ ತಿಳಿಯುವುದಿಲ್ಲ. ಸುಮಾರು 10 ವರ್ಷದ ನಂತರ ಅದನ್ನು ಗುರುತಿಸಿ ಹೇಳುವವರು ಹೆಚ್ಚು.

ತಡೆದುಕೊಳ್ಳುವುದೂ ಪುಕ್ಕಟೆ ಅಲ್ಲ. ಮನಸ್ಸೆಲ್ಲ ಭುಜದ ಮೇಲಿದ್ದರೆ ಗಣಿತದ ಮೇಷ್ಟ್ರು ಹೇಳಿದ್ದು ಕಿವಿಗೆ ಬೀಳುವುದೆಲ್ಲಿ? ‘ನಿಲ್ಲಿಸು’ ಎಂದು ಗದರಿದರಂತೂ ಆತಂಕ ಸೇರಿಕೊಂಡು ಟಿಕ್ ಹೆಚ್ಚುವ ಸಾಧ್ಯತೆಯೇ ಜಾಸ್ತಿ.

ಇದಕ್ಕೆ ಒಂದು ವರ್ತನಾ ಚಿಕಿತ್ಸೆ ಇದೆ, ಅದು ಬರಿಯ ಮನೋಬಲವನ್ನು ನಂಬಿ ಕೂರುವುದಿಲ್ಲ. ಒತ್ತಡ ಏಳುತ್ತಿರುವುದನ್ನು ಮೊದಲೇ ಗುರುತಿಸಿ, ಟಿಕ್‌ಗೆ ಎದುರಾದ ಚಲನೆಯನ್ನು ಮಾಡಲು ಕಲಿಸುತ್ತಾರೆ. ಭುಜ ಮೇಲಕ್ಕೆ ಹಾರುವುದಾದರೆ ಅದನ್ನು ಮೆಲ್ಲಗೆ ಕೆಳಕ್ಕೆ ಒತ್ತಿ, ಆ ತುಡಿತ ತಗ್ಗುವವರೆಗೆ ಹಾಗೆಯೇ ಹಿಡಿದಿರುವುದು.