ಇಂಗ್ಲಿಷ್ ಬೇಕು, ಇಂಗ್ಲಿಷರು ಬೇಡವೇ?

ಹಾವೇರಿ ಜಿಲ್ಲೆಯ ಓದುಗರೊಬ್ಬರು, ನಿವೃತ್ತ ಮುಖ್ಯೋಪಾಧ್ಯಾಯರು, ಬರೆದಿದ್ದಾರೆ: “ಮೂರನೇ ತರಗತಿಯಲ್ಲಿರುವ ನನ್ನ ಮೊಮ್ಮಗನ ಇಂಗ್ಲಿಷ್ ಪುಸ್ತಕದಲ್ಲಿ ಗೈ ಫಾಕ್ಸ್ ಎಂಬವನ ಬೊಂಬೆ ಸುಡುವ ಹಬ್ಬ, ಪ್ಯಾನ್‌ಕೇಕ್ ತಿನ್ನುವ ದಿನ ಇತ್ಯಾದಿ ಪಾಠಗಳಿವೆ. ಮಕ್ಕಳಿಗೆ ಇಂಗ್ಲಿಷ್ ಕಲಿಸಲಿ, ಇಂಗ್ಲಿಷರ ಹಬ್ಬಹರಿದಿನಗಳನ್ನು ಏಕೆ ಕಲಿಸಬೇಕು? ವ್ಯವಹಾರಕ್ಕೆ ಬೇಕಾದಷ್ಟು ಭಾಷೆ ಬಂದರೆ ಸಾಲದೇ? ಇಂಥ ಪಾಠಗಳನ್ನು ಕೈಬಿಡುವಂತೆ ತಮ್ಮ ಪತ್ರಿಕೆ ಒತ್ತಾಯಿಸಬೇಕು.”

ಸಂಪಾದಕರ ಉತ್ತರ:

ಮಾನ್ಯರೇ, ತಮ್ಮ ಪತ್ರದ ಹಿಂದಿರುವ ಕಳಕಳಿಯನ್ನು ನಾನು ಬಲ್ಲೆ. ಮಗುವಿಗೆ ಮೊದಲು ತನ್ನ ಊರು, ತನ್ನ ಹಬ್ಬ, ತನ್ನ ಮಾತು ತಿಳಿದಿರಬೇಕೆಂಬುದರಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ‘ವ್ಯವಹಾರಕ್ಕೆ ಬೇಕಾದಷ್ಟು ಭಾಷೆ’ ಎಂಬ ತಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮೂರು ದಶಕ ಪಾಠ ಹೇಳಿದವರ ಲೇಖನಿಯಿಂದ ಅದು ಬಂದದ್ದು ನನಗೆ ಸ್ವಲ್ಪ ನೋವನ್ನೇ ಉಂಟುಮಾಡಿತು. ನಮ್ಮ ನಾಡಿನಲ್ಲಿ ಇಂಗ್ಲಿಷ್ ಕೆಟ್ಟಿರುವುದೂ, ಅದರ ಜೊತೆಗೆ ಕನ್ನಡ ಸೊರಗಿರುವುದೂ ಆ ಒಂದು ನಂಬಿಕೆಯಿಂದಲೇ ಎಂದು ನಾನು ಬಹುಕಾಲದಿಂದ ವಾದಿಸುತ್ತ ಬಂದಿದ್ದೇನೆ.

ತಾವು ಆಕ್ಷೇಪಿಸಿರುವ ಗೈ ಫಾಕ್ಸನನ್ನೇ ನೋಡೋಣ. 1605ರ ನವೆಂಬರ್ 5ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಲಂಡನ್ನಿನ ಪಾರ್ಲಿಮೆಂಟಿನ ಕೆಳಗಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಸಿಡಿಮದ್ದಿನ ಕಾವಲಿಗಿದ್ದವನು ಸಿಕ್ಕಿಬಿದ್ದ. ದೊರೆ ಒಂದನೇ ಜೇಮ್ಸನನ್ನು ಸಭೆಯ ಸಮೇತ ಸಿಡಿಸುವ ಸಂಚು ವಿಫಲವಾಯಿತು. ಪ್ರತಿವರ್ಷ ಆ ದಿನ ದೇವರಿಗೆ ಕೃತಜ್ಞತೆ ಸಲ್ಲಿಸತಕ್ಕದ್ದೆಂದು ಕಾನೂನೇ ಆಯಿತು. 1859ರಲ್ಲಿ ಆ ಕಾನೂನನ್ನು ತೆಗೆದುಹಾಕಿದರು, ಆದರೆ ಬೆಂಕಿ ಮಾತ್ರ ಇಂದಿಗೂ ಆರಿಲ್ಲ. ಸಂಚುಗಾರರು ಕ್ಯಾಥೊಲಿಕರಾಗಿದ್ದುದರಿಂದ ಆ ಪಂಥದವರ ಮೇಲಿನ ಹಗೆಯೂ ಈ ಹಬ್ಬದ ಇತಿಹಾಸದಲ್ಲಿದೆ ಎಂಬುದು ನಿಜ, ಮೂರನೇ ತರಗತಿಗೆ ಅದಷ್ಟನ್ನೂ ಬಿಚ್ಚಿಡಬೇಕಾಗಿಲ್ಲ. ಮಕ್ಕಳಿಗೆ ಬೇಕಾದದ್ದು ಬೇರೆಯೇ ಇದೆ. ಅಲ್ಲಿಯ ಹುಡುಗರು ಹಳೆಯ ಅಂಗಿ ಷರಾಯಿಗಳಿಗೆ ಕಾಗದ ತುರುಕಿ ಬೊಂಬೆ ಮಾಡಿ, ಅದನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಬೀದಿಯಲ್ಲಿ ಹೋಗಿಬರುವವರನ್ನು ತಡೆದು ‘ಗೈಗೆ ಒಂದು ಪೆನ್ನಿ ಕೊಡಿ’ ಎಂದು ಕಾಸು ಕೇಳುತ್ತಿದ್ದರು. ರಾತ್ರಿ ಆ ಬೊಂಬೆಯನ್ನು ಸೌದೆ ರಾಶಿಯ ಮೇಲೆ ಕೂರಿಸಿ ಸುಡುತ್ತಿದ್ದರು.

ಇದನ್ನು ಓದಿದ ಮೇಲೂ ತಮಗೆ, ಅದರಲ್ಲೂ ಹಾವೇರಿ ಸೀಮೆಯವರಾದ ತಮಗೆ, ಕಾಮಣ್ಣ ನೆನಪಾಗಲಿಲ್ಲವೇ? ಓಣಿಯ ಹುಡುಗರು ಬಾಯಿ ಬಡಿದುಕೊಳ್ಳುತ್ತ ಮನೆಮನೆಗೆ ಹೋಗಿ ಕಾಸು, ಸೌದೆ, ಕುಳ್ಳು ಎತ್ತುವುದು, ಕೊಡದವರ ಹಿತ್ತಿಲಿನಿಂದ ರಾತ್ರೋರಾತ್ರಿ ಮುರುಕು ಬಾಗಿಲನ್ನೇ ಹೊತ್ತೊಯ್ಯುವುದು, ಹುಣ್ಣಿಮೆಯ ರಾತ್ರಿ ಕಾಮನನ್ನು ಸುಡುವುದು ತಾವು ಕಾಣದ್ದೇನಲ್ಲ. ಕಥೆಗಳು ಬೇರೆ, ಕಾಲ ಬೇರೆ, ದೇವರೂ ಬೇರೆ. ಹುಡುಗರ ಪುಂಡಾಟ ಮಾತ್ರ ಒಂದೇ. ಎಂಟು ವರ್ಷದ ಮಗುವಿಗೆ ಈ ಸಂಬಂಧವನ್ನು ತೋರಿಸಿಕೊಟ್ಟರೆ, ಇಂಗ್ಲಿಷರೂ ತನ್ನಂಥ ಹುಡುಗರಾಗಿದ್ದು ಬೆಳೆದವರೇ ಎಂಬ ಅರಿವು ಅದಕ್ಕೆ ಆಗುತ್ತದೆ. ಆ ಅರಿವು ಬಂದ ಮಗು ಇಂಗ್ಲಿಷಿಗೆ ಹೆದರುವುದಿಲ್ಲ.

ತಾವು ದೂರಬೇಕಾದದ್ದು ಪಾಠವನ್ನಲ್ಲ, ಅದನ್ನು ಹೇಳಿಕೊಡುವ ಕ್ರಮವನ್ನು. ಈಚೆಗೆ ಖಾಸಗಿ ಶಾಲೆಯೊಂದರ ‘ಇಂಗ್ಲಿಷ್ ಉತ್ಸವ’ಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಗೋಡೆಯ ತುಂಬ ಕೆಂಪು ಬಸ್ಸು, ಗಡಿಯಾರದ ಗೋಪುರಗಳ ಫ್ಲೆಕ್ಸು. ಸೆಕೆಗೆ ಬೆವರುತ್ತಿದ್ದ ಹುಡುಗಿಯೊಬ್ಬಳು ಪ್ಯಾನ್‌ಕೇಕ್ ದಿನದ ವಿವರವನ್ನು ಎಲ್ಲಿಯೂ ಉಸಿರು ನಿಲ್ಲಿಸದೆ ಒಪ್ಪಿಸಿದಳು. ಆ ದಿನವೇ ಏಕೆ ಅದನ್ನು ತಿನ್ನುತ್ತಾರಮ್ಮ ಎಂದು ನಾನು ಕೇಳಿದ್ದಕ್ಕೆ ಅವಳು ಶಿಕ್ಷಕಿಯ ಮುಖ ನೋಡಿದಳು, ಶಿಕ್ಷಕಿ ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ ಹಿಡಿಯುವ ಮೊದಲು ಮನೆಯಲ್ಲಿ ಉಳಿದ ಮೊಟ್ಟೆ, ಹಾಲು, ಬೆಣ್ಣೆಗಳನ್ನು ಮುಗಿಸುವುದಕ್ಕಾಗಿ ಆ ತೆಳ್ಳನೆಯ ದೋಸೆಗಳನ್ನು ಹುಯ್ಯುತ್ತಿದ್ದರೆಂದೂ, ಓಲ್ನಿ ಎಂಬ ಊರಿನಲ್ಲಿ ಹೆಂಗಸರು ಇಂದಿಗೂ ಅಂದು ಬಾಣಲೆ ಹಿಡಿದು ಓಡುವ ಪಂದ್ಯವಿದೆಯೆಂದೂ ನಾನು ಹೇಳಿದೆ. ಹುಡುಗಿಯ ಮುಖ ಅರಳಿತು. “ನಮ್ಮನೇಲೂ ಶ್ರಾವಣ ಹಿಡಿಯೋಕೆ ಮುಂಚೆ ಕೋಳಿ ಕುಯ್ತಾರೆ ಸರ್!” ಎಂದಳು. ಅಂದಿನ ಕಾರ್ಯಕ್ರಮದಲ್ಲಿ ಅರ್ಥಪೂರ್ಣವಾದ ಮಾತು ಅದೊಂದೇ. ಶಿಕ್ಷಕಿ ತಕ್ಷಣ ಕಣ್ಣು ಬಿಟ್ಟು, “ಇಂಗ್ಲಿಷ್, ಇಂಗ್ಲಿಷ್!” ಎಂದು ಗದರಿಸಿದರು.

ಆ ಶಿಕ್ಷಕಿಯನ್ನು ನಾನು ದೂಷಿಸಲಾರೆ. ಅವರಿಗೂ ಯಾರೂ ಇಂಗ್ಲೆಂಡನ್ನು ಪರಿಚಯಿಸಿರಲಿಕ್ಕಿಲ್ಲ. ಫ್ಲೆಕ್ಸಿನ ಮೇಲಿದ್ದದ್ದು ಪ್ರವಾಸಿ ಅಂಗಡಿಗಳಲ್ಲಿ ಮಾರುವ ಇಂಗ್ಲೆಂಡು. ಡರ್ಬಿಶೈರಿನ ಟಿಸಿಂಗ್ಟನ್ ಹಳ್ಳಿಯವರು ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳುಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಮಾಡಿ ತಮ್ಮ ಬಾವಿಗಳನ್ನು ಸಿಂಗರಿಸುತ್ತಾರೆ. ಸಾಮರ್ಸೆಟ್ಟಿನ ರೈತರು ಜನವರಿಯ ಚಳಿಯಲ್ಲಿ ಸೇಬಿನ ತೋಟಕ್ಕೆ ಹೋಗಿ, ಮರದ ಬುಡಕ್ಕೆ ಸೇಬಿನ ಮದ್ಯ ಸುರಿದು, ಕೊಂಬೆಗೆ ರೊಟ್ಟಿಯ ತುಂಡು ಸಿಕ್ಕಿಸಿ, ಬರುವ ವರ್ಷ ಚೆನ್ನಾಗಿ ಫಲ ಕೊಡು ಎಂದು ಹಾಡುತ್ತಾರೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಚಿತ್ತಾರದ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ತೆನೆಗಟ್ಟಿದ ಬಸುರಿ ಭೂಮಿಗೆ ಚರಗ ಬೀರುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಸೂಟು ಬೂಟಿನ ದೊರೆಯೊಬ್ಬನನ್ನೇ ಇಂಗ್ಲಿಷನೆಂದು ತಿಳಿದು ನಾವು ಇಷ್ಟು ಕಾಲ ಒಮ್ಮೆ ಕೈಮುಗಿದೆವು, ಒಮ್ಮೆ ಬೈದೆವು. ಅವನ ಹಳ್ಳಿಯ ರೈತನನ್ನು ಮಾತನಾಡಿಸಲೇ ಇಲ್ಲ.

ಇನ್ನು, ಇಂಗ್ಲಿಷರ ಬದುಕನ್ನು ತಿಳಿದರೆ ಮಕ್ಕಳು ಕನ್ನಡಕ್ಕೆ ಎರವಾಗುತ್ತಾರೆಂಬ ತಮ್ಮ ಭಯ. ಈ ವಿಷಯದಲ್ಲಿ ನಮ್ಮ ನಾಡಿನ ಅನುಭವ ನೇರ ತದ್ವಿರುದ್ಧವಾಗಿದೆ. 1911ರಲ್ಲಿ ಧಾರವಾಡದಲ್ಲಿ ನಿಂತು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದವರು ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು. ಕುವೆಂಪು ಬರವಣಿಗೆ ತೊಡಗಿದ್ದು ಇಂಗ್ಲಿಷಿನಲ್ಲಿ. ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಅವರಿಗೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕೆಂದು ವರದಿ ಕೊಟ್ಟ, 1982ರ ಚಳವಳಿಗೆ ತನ್ನ ಹೆಸರನ್ನೇ ಕೊಟ್ಟ ಸಮಿತಿಯ ಅಧ್ಯಕ್ಷರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು ಇಂಗ್ಲಿಷ್ ಬೋಧಿಸಿದ ವಿ.ಕೃ. ಗೋಕಾಕರು. ಇಂಗ್ಲಿಷನ್ನು ಅದರ ಜನರ ಸಮೇತ ಬಲ್ಲವರು ಯಾರೂ ಕನ್ನಡವನ್ನು ಕೀಳಾಗಿ ಕಂಡಿಲ್ಲ. ‘ವ್ಯವಹಾರಕ್ಕೆ ಬೇಕಾದಷ್ಟು’ ಕಲಿತವರೇ ಮನೆಯಲ್ಲಿ ಮಕ್ಕಳ ಜೊತೆ ಮುರುಕು ಇಂಗ್ಲಿಷ್ ಆಡುತ್ತ, ಅಜ್ಜಿ ಮಾತನಾಡಿದರೆ ಮುಜುಗರ ಪಡುತ್ತಿರುವವರು.

2007ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ಬೇಕೋ ಬೇಡವೋ ಎಂಬ ಚರ್ಚೆಯಲ್ಲೇ ನಾವು ಕಾಲ ಕಳೆದೆವೇ ಹೊರತು, ಬಂದ ಇಂಗ್ಲಿಷ್ ಹೇಗಿರಬೇಕೆಂದು ಕೇಳಿದವರು ಕಡಿಮೆ. ಪ್ರಕಾಶಕರು ಪ್ರತಿವರ್ಷ ರಟ್ಟು ಬದಲಿಸಿ ಬೆಲೆ ಏರಿಸುತ್ತಾರೆ. ತಂದೆತಾಯಿಗಳು ಮಗು ‘ಫಟಾಫಟ್’ ಮಾತನಾಡುತ್ತದೆಯೇ ಎಂದಷ್ಟೇ ಕೇಳುತ್ತಾರೆ. ಒಂದೇ ಕೊಠಡಿಯಲ್ಲಿ ಚಹಾ ಕುಡಿಯುವ ಕನ್ನಡ ಮೇಷ್ಟ್ರೂ ಇಂಗ್ಲಿಷ್ ಮೇಡಮ್ಮೂ ತಮ್ಮ ತಮ್ಮ ಪಾಠಗಳಲ್ಲಿ ಏನಿದೆಯೆಂದು ಪರಸ್ಪರ ವಿಚಾರಿಸಿದ್ದನ್ನು ನಾನಂತೂ ಕಂಡಿಲ್ಲ. ಕಾಮಣ್ಣನೂ ಗೈ ಫಾಕ್ಸನೂ ಒಂದೇ ವಾರದಲ್ಲಿ ಪಾಠವಾಗುವಂತೆ ಅವರಿಬ್ಬರು ಮಾತನಾಡಿಕೊಂಡರೆ ಯಾವ ಇಲಾಖೆಯ ಅಪ್ಪಣೆಯೂ ಬೇಕಾಗುವುದಿಲ್ಲ.

ಆದ್ದರಿಂದ ಆ ಪಾಠಗಳನ್ನು ಕೈಬಿಡಬೇಕೆಂದು ನಮ್ಮ ಪತ್ರಿಕೆ ಒತ್ತಾಯಿಸುವುದಿಲ್ಲ. ಆವರಣದಲ್ಲಿ ಕನ್ನಡ ಮಾತನಾಡಿದ ಮಕ್ಕಳಿಂದ ದಂಡ ವಸೂಲು ಮಾಡುವ ಶಾಲೆಗಳು ಇನ್ನೂ ಇವೆ. ಅದರ ವಿರುದ್ಧ, ಮುಖ್ಯೋಪಾಧ್ಯಾಯರಾಗಿ ತಾವು ಕಂಡದ್ದನ್ನೆಲ್ಲ ಸೇರಿಸಿ, ಇದೇ ಖಾರದಲ್ಲಿ ಬರೆದು ಕಳುಹಿಸಿ. ಒಂದಕ್ಷರವನ್ನೂ ತೆಗೆಯದೆ ಪ್ರಕಟಿಸುತ್ತೇವೆ.

— ಸಂ.