ತೋಳು ಹಿಡಿಯುತ್ತೆ ಅಂತ ಸ್ಯಾಂಪಲ್ ವಾಪಸ್ ಬಂದರೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ಮೈತುಂಬಿದ ಹೆಂಗಸರ ಉಡುಪು, ಅಂದರೆ ಪ್ಲಸ್ ಸೈಜ್, ಅದನ್ನು ಹೊರದೇಶಕ್ಕೆ ಮಾರುವುದು ಹೇಗೆ ಅಂತ. ಇಪ್ಪತ್ತು ವರ್ಷ ಸ್ಯಾಂಪಲ್ ರೂಮಿನಲ್ಲೇ ಕಳೆದವಳು ನಾನು. ಓದುತ್ತಾ ಖುಷಿಯಾಯಿತು. ಐದು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ಗಾರ್ಮೆಂಟ್ ಘಟಕ. ಹೆಂಗಸರ ಟಾಪ್‌ಗಳನ್ನು ಎಕ್ಸ್‌ಎಲ್‌ವರೆಗೆ ಮಾಡುತ್ತಿದ್ದೆವು. ಅಮೆರಿಕದ ಬೈಯರ್ ಒಬ್ಬರು 3ಎಕ್ಸ್‌ವರೆಗೆ ಬೇಕು ಎಂದರು. ನಮ್ಮ ಕಟಿಂಗ್ ಮಾಸ್ಟರ್ ಅದೇ ಪ್ಯಾಟರ್ನ್ ಇಟ್ಟುಕೊಂಡು ಗ್ರೇಡಿಂಗ್ ಮಾಡಿದರು, ಅಂದರೆ ಅದನ್ನೇ ಒಂದೊಂದು ಸೈಜಿಗೂ ಹಿಗ್ಗಿಸಿದರು. ಎದೆ, ಸೊಂಟದ ಅಳತೆ ಎಲ್ಲ ಸರಿ ಇದೆ. ಆದರೂ ತೋಳು ಬಿಗಿ, ಕತ್ತು ಜಾರುತ್ತದೆ ಅಂತ ಸ್ಯಾಂಪಲ್ ರಿಜೆಕ್ಟ್ ಆಯಿತು. ಎಲ್ಲಿ ತಪ್ಪಿದೆವು?

ಉತ್ತರ: ನಿಮ್ಮ ಮಾಸ್ಟರ್ ಮಾಡಿದ್ದನ್ನೇ ಹಿಂದೆ ನಾವೂ ಮಾಡಿದ್ದೆವು. ನಮಗೆ ವಾಪಸ್ ಬಂದದ್ದು ಸ್ಯಾಂಪಲ್ ಅಲ್ಲ, ಹೊಲಿದು ಕಳಿಸಿದ ಇಡೀ ಲಾಟು. ಆಗ ನಾನು ಆ ಸೈಜಿನ ಒಬ್ಬ ಹೆಂಗಸನ್ನು ಕರೆಸಿ ಅದೇ ಟಾಪ್ ತೊಡಿಸಿ ನೋಡಿದೆ. ನೆಟ್ಟಗೆ ನಿಂತಾಗ ಚೆನ್ನಾಗೇ ಕಾಣುತ್ತಿತ್ತು. ಮೇಲಿನ ಶೆಲ್ಫಿನಿಂದ ಒಂದು ಡಬ್ಬ ತೆಗೆದುಕೊಡಿ ಅಂದೆ. ಅವರು ಕೈ ಎತ್ತಿದರು, ತೋಳು ಹಿಡಿಯಿತು, ಇಡೀ ಟಾಪ್ ಮೇಲಕ್ಕೆ ಬಂತು. ತಕ್ಷಣ ಇನ್ನೊಂದು ಕೈಯಿಂದ ಅಂಚನ್ನು ಕೆಳಗೆ ಎಳೆದುಕೊಂಡರು. ನೋಡದೇನೇ ಎಳೆದುಕೊಂಡರು, ಅಷ್ಟು ವರ್ಷಗಳ ಅಭ್ಯಾಸ ಅದು. ಆ ಕೈ ನನಗೆ ಇವತ್ತಿಗೂ ನೆನಪಿದೆ.

ವಿಷಯ ಇಷ್ಟೇ. ಮೈ ತುಂಬಿಕೊಂಡರೂ ಮೂಳೆ ಬೆಳೆಯುವುದಿಲ್ಲ. ಎದೆ, ಹೊಟ್ಟೆ, ರಟ್ಟೆ, ಬೆನ್ನು ಅಗಲವಾಗುತ್ತವೆ, ಆದರೆ ಭುಜದ ಉದ್ದ ಸ್ವಲ್ಪವೇ ಹೆಚ್ಚುತ್ತದೆ, ಕತ್ತೂ ಹಾಗೇ, ಕೈಯ ಉದ್ದವಂತೂ ಅಷ್ಟೇ ಇರುತ್ತದೆ. ಚಿಕ್ಕ ಸೈಜಿನ ಪ್ಯಾಟರ್ನನ್ನು ಒಂದೇ ಲೆಕ್ಕದಲ್ಲಿ ಹಿಗ್ಗಿಸುತ್ತಾ ಹೋದರೆ ಭುಜ ಕೆಳಗೆ ಜಾರುತ್ತದೆ, ಕತ್ತು ಬಾಯಿಬಿಡುತ್ತದೆ, ತೋಳು ಬೆರಳಿನವರೆಗೆ ಬರುತ್ತದೆ, ರಟ್ಟೆಯ ಹತ್ತಿರ ಮಾತ್ರ ಬಿಗಿ ಬಿಗಿ. ಬಿಗಿ ಅಂತ ಆರ್ಮ್‌ಹೋಲನ್ನು, ಅಂದರೆ ತೋಳು ಕೂರಿಸುವ ಕಂಡಿಯನ್ನು, ಇನ್ನೂ ಕೆಳಕ್ಕೆ ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆರ್ಮ್‌ಹೋಲ್ ಕೆಳಗಿಳಿದಷ್ಟೂ ಕೈ ಎತ್ತಿದಾಗ ಉಡುಪು ಜಾಸ್ತಿ ಮೇಲೇರುತ್ತದೆ. ಅಗಲ ಕೊಡಬೇಕಾದ್ದು ತೋಳಿಗೆ, ರಟ್ಟೆಯ ಜಾಗದಲ್ಲಿ.

ಹೀಗಾಗಿ ಪ್ಲಸ್ ಸೈಜಿಗೆ ಬೇರೆಯದೇ ಬ್ಲಾಕ್, ಅಂದರೆ ಮೂಲ ಪ್ಯಾಟರ್ನ್, ತೆಗೆಯಬೇಕು. ಅಮೆರಿಕದ ಅಳತೆಯಲ್ಲಿ 18 ಡಬ್ಲ್ಯೂ ಅಥವಾ 20 ಡಬ್ಲ್ಯೂ (ಡಬ್ಲ್ಯೂ ಅಂದರೆ ಪ್ಲಸ್ ಕಟ್) ಅನ್ನು ಮೂಲ ಸೈಜ್ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಗ್ರೇಡಿಂಗ್ ಮಾಡಿ. ಎದೆಯ ಡಾರ್ಟ್, ಅಂದರೆ ಬಟ್ಟೆ ಮಡಚಿ ಹಾಕುವ ಹೊಲಿಗೆ, ಆಳ ಇರಲಿ. ಎದೆ, ಹೊಟ್ಟೆಯ ಮೇಲಿಂದ ಬಟ್ಟೆ ಹಾದು ಬರಬೇಕಲ್ಲ, ಅದಕ್ಕೆ ಮುಂಭಾಗಕ್ಕೆ ಸ್ವಲ್ಪ ಉದ್ದ ಸೇರಿಸಿ, ಇಲ್ಲವಾದರೆ ಮುಂದಿನ ಅಂಚು ಎತ್ತಿಕೊಂಡು ನಿಲ್ಲುತ್ತದೆ. ಗೊಂಬೆಗೆ ತೊಡಿಸಿ ನೋಡಿದರೆ ಸಾಲದು. ಆ ಸೈಜಿನ ಫಿಟ್ ಮಾಡೆಲ್ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಕೂರಿಸಿ, ಕೈ ಎತ್ತಿಸಿ, ಬಗ್ಗಿಸಿ ನೋಡಿ, ಎಲ್ಲಿ ಹಿಡಿಯುತ್ತೆ ಅಂತ ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಹೆಂಗಸರಿಂದ ಕಲಿತದ್ದು.

ಇದೇನೂ ಹೊಸ ವಿದ್ಯೆ ಅಲ್ಲ. ನ್ಯೂಯಾರ್ಕಿನಲ್ಲಿ 1904ರಲ್ಲಿ ಅಂಗಡಿ ತೆರೆದ ಲೇನ್ ಬ್ರಯಂಟ್ ಮೊದಲು ಬಸುರಿಯರ ಉಡುಪು ಮಾರುತ್ತಿತ್ತು. ಅದನ್ನು ಶುರುಮಾಡಿದ ಲೀನಾ ಬ್ರಯಂಟ್ ಅವರ ಗಂಡ ಆಲ್ಬರ್ಟ್ ಮಾಲ್ಸಿನ್ ಎಂಜಿನಿಯರ್. ಅವರು ಸುಮಾರು 4,500 ಗ್ರಾಹಕಿಯರ ಅಳತೆ ತೆಗೆದು, ಮೈತುಂಬಿದವರಲ್ಲೂ ಬೇರೆ ಬೇರೆ ಮೈಕಟ್ಟು ಇರುತ್ತದೆ ಅನ್ನುವುದನ್ನು ಕಂಡುಕೊಂಡು ಅದಕ್ಕೆ ತಕ್ಕ ಹಾಗೆ ಹೊಲಿಸಿದರು. ನೂರು ವರ್ಷದ ಹಿಂದೆ ಟೇಪ್ ಹಿಡಿದು ಅಷ್ಟು ಮಾಡಿದ್ದಾರೆ ಅಂದಮೇಲೆ ನಾವು ಒಬ್ಬ ಮಾಡೆಲ್ಲನ್ನಾದರೂ ಕರೆಸಬಹುದು, ಅಲ್ವಾ?

ಪ್ರಶ್ನೆ: ಒಬ್ಬ ಬೈಯರ್ 16 ಅನ್ನುತ್ತಾರೆ, ಇನ್ನೊಬ್ಬರು 44, ಮತ್ತೊಬ್ಬರು 2ಎಕ್ಸ್. ಎಲ್ಲವೂ ಒಂದೇನಾ? ನಾನು ಹೊಸದಾಗಿ ಸೇರಿದ ಮರ್ಚಂಡೈಸರ್, ತಲೆ ಕೆಟ್ಟುಹೋಗಿದೆ.

ಉತ್ತರ: ಒಂದೇ ಅಲ್ಲ. ಅದಕ್ಕೇ ಜೋಪಾನ. ಅಮೆರಿಕದ 16 ಬ್ರಿಟನ್ನಿನಲ್ಲಿ ಹತ್ತಿರ ಹತ್ತಿರ 20. ಬ್ರಿಟನ್ನಿನ 16 ಅಂದರೆ ಅಮೆರಿಕದ 12. ಯುರೋಪಿನೊಳಗೂ ಒಂದೇ ಲೆಕ್ಕ ಇಲ್ಲ, ಜರ್ಮನಿಯ 42, ಫ್ರಾನ್ಸಿನ 44, ಇಟಲಿಯ 48 ಹೆಚ್ಚುಕಡಿಮೆ ಒಂದೇ ಮೈಗೆ ಆಗುವಂಥವು. ಇನ್ನು ಅಮೆರಿಕದಲ್ಲೇ 16 ಬೇರೆ, 16 ಡಬ್ಲ್ಯೂ ಬೇರೆ. ಡಬ್ಲ್ಯೂ ಇದ್ದರೆ ಅದು ಪ್ಲಸ್ ಕಟ್. ಸೊಂಟ, ರಟ್ಟೆ, ಹೊಟ್ಟೆಯ ಹತ್ತಿರ ಜಾಗ ಜಾಸ್ತಿ. ಆರ್ಡರ್ ಶೀಟಿನಲ್ಲಿ ಆ ಒಂದು ಅಕ್ಷರ ಬಿಟ್ಟುಹೋದರೆ ಇಡೀ ಲಾಟು ತಪ್ಪಾಗುತ್ತದೆ. ಜಪಾನಿನಲ್ಲಿ ಎಲ್, ಎಲ್‌ಎಲ್, 3ಎಲ್ ಅಂತ ಹೋಗುತ್ತದೆ, ಅಲ್ಲಿನ ಎಲ್‌ಎಲ್ ಬೇರೆ ಕಡೆಯ ಎಕ್ಸ್‌ಎಲ್‌ಗಿಂತ ಚಿಕ್ಕದು ಬರುವುದೇ ಹೆಚ್ಚು.

ಅಮೆರಿಕದ ಎಎಸ್‌ಟಿಎಂ ಸಂಸ್ಥೆಯದು ಪ್ಲಸ್ ಸೈಜಿಗೇ ಅಂತ ಡಿ6960 ಅನ್ನುವ ಅಳತೆ ಪಟ್ಟಿ ಇದೆ. ಯುರೋಪಿನ ಇಎನ್ 13402 ಅನ್ನುವ ಮಾನದಂಡ ಮೈ ಅಳತೆಯನ್ನು ಸೆಂಟಿಮೀಟರಿನಲ್ಲಿ ಹೇಳುತ್ತದೆ. ಓದಿಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಆದರೆ ಇವನ್ನು ಪಾಲಿಸಲೇಬೇಕು ಅಂತ ಕಾನೂನಿಲ್ಲ, ಒಂದೊಂದು ಬ್ರ್ಯಾಂಡಿಗೂ ಅದರದೇ ಚಾರ್ಟ್ ಇರುತ್ತದೆ. ಬೈಯರ್ ಹತ್ತಿರ ಅವರ ಚಾರ್ಟ್ ಕೇಳಿ ತರಿಸಿಕೊಳ್ಳಿ. ಅದು ಮೈ ಅಳತೆಯೋ ಉಡುಪಿನ ಅಳತೆಯೋ ಅಂತ ಇ-ಮೇಲಿನಲ್ಲೇ ಕೇಳಿ ಗಟ್ಟಿ ಮಾಡಿಕೊಳ್ಳಿ. ನಂಬರಿನ ಮಾತೇ ಬೇಡ, ಸೆಂಟಿಮೀಟರಿನಲ್ಲಿ ಮಾತಾಡಿ.

ಪ್ರಶ್ನೆ: ದೊಡ್ಡ ಸೈಜಿಗೆ ಬಟ್ಟೆ ಜಾಸ್ತಿ ಹೋಗುತ್ತದೆ. ಬೈಯರ್ ಮಾತ್ರ ಎಲ್ಲ ಸೈಜಿಗೂ ಒಂದೇ ರೇಟು ಅನ್ನುತ್ತಾರೆ. ಒಪ್ಪಿಕೊಳ್ಳುವುದಾ?

ಉತ್ತರ: ಒಪ್ಪಿಕೊಳ್ಳಿ, ಆದರೆ ಲೆಕ್ಕ ಹಾಕಿ ಒಪ್ಪಿಕೊಳ್ಳಿ. ಯಾವ ಸೈಜ್ ಎಷ್ಟು ಪೀಸ್ ಅನ್ನುವ ರೇಷಿಯೋ ಮೊದಲು ತೆಗೆದುಕೊಳ್ಳಿ. ಆ ರೇಷಿಯೋಗೆ ಮಾರ್ಕರ್, ಅಂದರೆ ಬಟ್ಟೆಯ ಮೇಲೆ ತುಂಡುಗಳನ್ನು ಜೋಡಿಸುವ ನಕ್ಷೆ, ಹಾಕಿಸಿ, ಸರಾಸರಿ ಒಂದು ಪೀಸಿಗೆ ಎಷ್ಟು ಬಟ್ಟೆ ಬೀಳುತ್ತದೆ ನೋಡಿ, ಆಮೇಲೆ ರೇಟು ಹೇಳಿ. ರೇಷಿಯೋ ಬದಲಾದರೆ ರೇಟೂ ಬದಲಾಗುತ್ತದೆ ಅಂತ ಬರೆದು ಹಾಕಿ. ಮೈ ದೊಡ್ಡದು ಅಂತ ಅಂಗಡಿಯಲ್ಲಿ ಜಾಸ್ತಿ ದುಡ್ಡು ಕೇಳಿದರೆ ಆ ಹೆಂಗಸಿಗೆ ಬೇಜಾರಾಗುತ್ತದೆ, ಮತ್ತೆ ಆ ಕಡೆ ಬರುವುದಿಲ್ಲ. ಅವರಿಗೆ ಬೇಜಾರಾಗುವುದು ನ್ಯಾಯವೇ ಅಂತ ನನಗೂ ಅನ್ನಿಸುತ್ತದೆ.

ನಿಜವಾಗಿ ಕೈ ಸುಡುವುದು ರೇಷಿಯೋದಲ್ಲಿ. ಅಮೆರಿಕದ ಓಲ್ಡ್ ನೇವಿ 2021ರಲ್ಲಿ ಎಲ್ಲ ಅಂಗಡಿಯಲ್ಲೂ 0ಯಿಂದ 28ರವರೆಗಿನ ಸೈಜ್ ಒಂದೇ ಬೆಲೆಗೆ ಇಟ್ಟಿತು. ಒಳ್ಳೆಯ ಕೆಲಸ. ಆದರೆ ಮಧ್ಯದ ಸೈಜ್‌ಗಳು ಖಾಲಿಯಾಗಿ ಎರಡೂ ತುದಿಯವು ಉಳಿದುಕೊಂಡವು. ಮರುವರ್ಷವೇ ಕೆಲವು ಅಂಗಡಿಗಳಿಂದ ದೊಡ್ಡ ಸೈಜ್‌ಗಳನ್ನು ತೆಗೆಯಬೇಕಾಯಿತು. ಬೇಡಿಕೆ ಇಲ್ಲ ಅಂತ ಇದರ ಅರ್ಥ ಅಲ್ಲ. ಅಮೆರಿಕದ ಸರಾಸರಿ ಹೆಂಗಸು 16-18ರ ಸೈಜ್ ತೊಡುತ್ತಾರೆ ಅಂತ 2016ರ ಒಂದು ಅಧ್ಯಯನವೇ ಹೇಳಿದೆ. ಯಾವ ಅಂಗಡಿಯಲ್ಲಿ ಯಾವ ಸೈಜ್ ಎಷ್ಟು ಹೋಗುತ್ತದೆ ಅನ್ನುವುದು ಮಾರಿ ನೋಡಿದ ಮೇಲೇ ಗೊತ್ತಾಗುವುದು. ನೀವು ಸಣ್ಣ ಲಾಟು ಮಾಡಿ, ಬಟ್ಟೆಯನ್ನು ಕತ್ತರಿಸದೆ ಸ್ವಲ್ಪ ಉಳಿಸಿಕೊಂಡು, ಮೊದಲ ಎರಡು ವಾರದ ಮಾರಾಟದ ಲೆಕ್ಕ ಕೇಳಿ ರಿಪೀಟ್ ಆರ್ಡರ್ ಹೊಲಿಯಿರಿ. ಸಣ್ಣ ಘಟಕಕ್ಕೆ ಇರುವ ದೊಡ್ಡ ಅನುಕೂಲವೇ ಇದು.

ಪ್ರಶ್ನೆ: ಪ್ಲಸ್ ಸೈಜ್ ಅಂದರೆ ಕಪ್ಪು ಬಣ್ಣ, ಸಡಿಲ ಟ್ಯೂನಿಕ್ ಇದ್ದರೆ ಸಾಕು ಅನ್ನುತ್ತಾರೆ ನಮ್ಮ ಯಜಮಾನರು. ಹೌದಾ?

ಉತ್ತರ: ಖಂಡಿತ ಅಲ್ಲ. ಡೇರೆಯ ಹಾಗೆ ಇರುವ ಉಡುಪು ಅವರ ಹತ್ತಿರ ಬೇಕಾದಷ್ಟಿದೆ. ಇಟಲಿಯ ಮ್ಯಾಕ್ಸ್ ಮಾರಾ ಗುಂಪು 1980ರಲ್ಲೇ ಮರೀನಾ ರಿನಾಲ್ಡಿ ಅನ್ನುವ ಬ್ರ್ಯಾಂಡ್ ತಂದು ಈ ಸೈಜ್‌ಗಳಿಗೆ ಒಳ್ಳೆಯ ಕೋಟು, ಸೂಟು ಹೊಲಿಸಿ ಮಾರಿತು. ಬಣ್ಣ ಹಾಕಿ, ಸೊಂಟ ಕಾಣಿಸುವ ಕಟ್ ಮಾಡಿ, ಆಫೀಸಿಗೆ ಹಾಕುವಂಥದ್ದು ಮಾಡಿ. ಗಮನ ಕೊಡಬೇಕಾದ್ದು ಇವಕ್ಕೆ: ಎದೆಯ ತುದಿಗೆ ಸರಿಯಾಗಿ ಒಂದು ಬಟನ್ ಬರಲೇಬೇಕು, ಇಲ್ಲವಾದರೆ ಪಟ್ಟಿ ಬಾಯಿಬಿಡುತ್ತದೆ, ಒಳಗೆ ಕಾಣದ ಹಾಗೆ ಒಂದು ಟಿಚ್ ಬಟನ್ ಇಟ್ಟರೆ ಇನ್ನೂ ಒಳ್ಳೆಯದು. ಪ್ಯಾಂಟಿನಲ್ಲಿ ಒಳತೊಡೆಯ ಹೊಲಿಗೆ ಗಟ್ಟಿ ಇರಬೇಕು, ಹಿಂಭಾಗ ಎತ್ತರ ಇರಬೇಕು. ಸ್ಟ್ರೆಚ್ ಬಟ್ಟೆಯಾದರೆ ಎಳೆದು ಬಿಟ್ಟು ನೋಡಿ. ವಾಪಸ್ ಬರದ ಬಟ್ಟೆ ಮಧ್ಯಾಹ್ನದೊಳಗೆ ಮೊಣಕಾಲಿನಲ್ಲಿ ಜೋಲುತ್ತದೆ.

ಪ್ರಶ್ನೆ: ಬೈಯರ್ ಇಲ್ಲದೆ ನಾವೇ ಆನ್‌ಲೈನಿನಲ್ಲಿ ಹೊರದೇಶಕ್ಕೆ ಮಾರಬಹುದಾ? ನಾವು ಇಬ್ಬರು ಗೆಳತಿಯರು, ಐದು ಮೆಷಿನ್ ಇವೆ.

ಉತ್ತರ: ಮಾರಬಹುದು, ಆದರೆ ಮೊದಲಿನಷ್ಟು ಸುಲಭ ಇಲ್ಲ. ಅಮೆರಿಕಕ್ಕೆ 800 ಡಾಲರ್‌ವರೆಗಿನ ಪಾರ್ಸೆಲ್ ಸುಂಕ ಇಲ್ಲದೆ ಹೋಗುತ್ತಿತ್ತು. 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಆ ರಿಯಾಯಿತಿ ನಿಂತಿದೆ. ಹಾಗಾಗಿ ಸುಂಕ ಯಾರು ಕಟ್ಟುತ್ತಾರೆ ಅಂತ ಬೆಲೆಯ ಪಕ್ಕದಲ್ಲೇ ಬರೆಯಿರಿ, ಬಾಗಿಲಿಗೆ ಬಂದ ಪಾರ್ಸೆಲ್‌ಗೆ ಮತ್ತೆ ದುಡ್ಡು ಕೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಯುರೋಪಿನ ಒಕ್ಕೂಟಕ್ಕೆ ಮಾರುವುದಾದರೆ 2024ರ ಡಿಸೆಂಬರ್ 13ರಿಂದ ಹೊಸ ಸುರಕ್ಷತಾ ನಿಯಮ ಬಂದಿದೆ, ಅಲ್ಲೇ ಇರುವ ಒಬ್ಬ ಜವಾಬ್ದಾರರ ಹೆಸರು, ವಿಳಾಸ ಕೊಡಬೇಕು. ಯಾವ ನೂಲು ಶೇಕಡ ಎಷ್ಟು ಅನ್ನುವ ಲೇಬಲ್ ಮಾರುವ ದೇಶದ ಭಾಷೆಯಲ್ಲಿ ಇರಬೇಕು. ಅಮೆರಿಕಕ್ಕೆ ನೂಲಿನ ವಿವರದ ಜೊತೆ ತಯಾರಾದ ದೇಶ, ಒಗೆಯುವ ವಿಧಾನವೂ ಬೇಕು. ಕಸ್ಟಮ್ಸ್ ಕೋಡ್ ಹಾಕುವಾಗ ಹೆಣೆದ ಬಟ್ಟೆಯ ಉಡುಪು 61ನೇ ಅಧ್ಯಾಯ, ನೇಯ್ದದ್ದು 62. ಒಂದು ಸಲ ತಿಳಿದವರ ಹತ್ತಿರ ಕೂತು ಸರಿಮಾಡಿಸಿಕೊಳ್ಳಿ.

ಫೋಟೋಗೆ ತೆಳ್ಳಗಿನ ಮಾಡೆಲ್ ನಿಲ್ಲಿಸಿ ಕೆಳಗೆ 3ಎಕ್ಸ್ ಸಿಗುತ್ತದೆ ಅಂತ ಬರೆಯಬೇಡಿ. 1ಎಕ್ಸ್ ಒಬ್ಬರು, 3ಎಕ್ಸ್ ಒಬ್ಬರು ತೊಟ್ಟ ಫೋಟೋ ಹಾಕಿ, ಅವರ ಎತ್ತರ, ಎದೆ, ಸೊಂಟದ ಅಳತೆ ಬರೆಯಿರಿ. ಉಡುಪಿನ ರಟ್ಟೆಯ ಅಳತೆಯನ್ನೂ ಬರೆಯಿರಿ. ಇದನ್ನು ಬರೆಯುವವರು ಕಡಿಮೆ, ಹುಡುಕುವವರು ಬಹಳ. ಹೊರದೇಶದಿಂದ ಒಂದು ಪೀಸ್ ವಾಪಸ್ ತರಿಸುವ ಖರ್ಚು ನಿಮ್ಮ ಲಾಭವನ್ನೇ ತಿಂದುಹಾಕುತ್ತದೆ, ಅದಕ್ಕೇ ಅಳತೆ ಮೊದಲೇ ಸರಿಯಾಗಿ ಹೇಳಿಬಿಡುವುದು ಒಳ್ಳೆಯದು. ಐದು ಮೆಷಿನ್ ಇದೆ ಅಂತ ಇಪ್ಪತ್ತು ಡಿಸೈನ್ ಮಾಡಲು ಹೋಗಬೇಡಿ. ಒಂದು ಟಾಪ್, ಒಂದು ಪ್ಯಾಂಟು ಸಾಕು, ಅವೆರಡನ್ನೂ ಆರು ಸೈಜಿನಲ್ಲಿ ಒಬ್ಬೊಬ್ಬರಿಗೆ ತೊಡಿಸಿ ನೋಡಿ ಮಾಡಿ. ಮೊದಲ ಸ್ಯಾಂಪಲ್ ಆದಮೇಲೆ ನನಗೆ ಮತ್ತೆ ಬರೆಯಿರಿ, ಆರ್ಮ್‌ಹೋಲಿನ ಅಳತೆ ಬರೆಯುವುದನ್ನು ಮರೆಯಬೇಡಿ.