ಅರ್ಧವೋ ಪೂರ್ತಿಯೋ ಆಮೇಲೆ, ಮೊದಲು ದೇಣಿಗೆ ಡಬ್ಬಿ ಯಾರ ಹೆಸರಲ್ಲಿದೆ ನೋಡಿ

ಬೆಂಗಳೂರಲ್ಲಿ ಕೂತು ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ ಲೋಕದ ಸಹಾಯಾರ್ಥ ಪ್ರದರ್ಶನಕ್ಕೆ ಚಿತ್ರ ಕೊಡುತ್ತಿದ್ದೀರಿ, ದುಡ್ಡು ಇಲ್ಲಿನ ಒಂದು ಶಾಲೆಗೆ ಹೋಗಬೇಕು. ಬಂದದ್ದನ್ನು ಪೂರ್ತಿ ಬಿಟ್ಟುಕೊಡಬೇಕಾ, ಅರ್ಧ ಇಟ್ಟುಕೊಂಡರೆ ತಪ್ಪಾ, ಇದರಿಂದ ಹೆಸರಾದರೂ ಬರುತ್ತಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಇದನ್ನೇ ತಲೆಗೆ ಹಚ್ಚಿಕೊಂಡು ಓಡಾಡಿದವಳು. ಅರ್ಧವೋ ಪೂರ್ತಿಯೋ ಅನ್ನುವ ಲೆಕ್ಕದಲ್ಲೇ ಮುಳುಗಿ, ಕೇಳಬೇಕಾದದ್ದನ್ನು ಕೇಳಲೇ ಇಲ್ಲ.

ನಾನು ಜಲವರ್ಣದಲ್ಲಿ ಬೆಂಗಳೂರು ಬರೆಯುವವಳು. ಗಾಂಧಿಬಜಾರಿನ ಹೂವಿನ ಅಂಗಡಿಗಳು, ಲಾಲ್‌ಬಾಗಿನ ಗಾಜಿನ ಮನೆ, ಬಸವನಗುಡಿಯ ಕಡಲೆಕಾಯಿ ಪರಿಷೆ, ಇಂಥವು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಕೂತು ಮಾರುತ್ತೇನೆ. ಉಳಿದಂತೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವುದು. ಕೋವಿಡ್ ಬಂದು ಎಲ್ಲ ನಿಂತಿತು. 2021ರ ಚಿತ್ರಸಂತೆ ಕೂಡ ಆನ್‌ಲೈನಿನಲ್ಲೇ ನಡೆಯಿತು. ಆಗಲೇ ಗೆಳತಿಯೊಬ್ಬಳು ನನ್ನನ್ನು ಸೆಕೆಂಡ್ ಲೈಫ್‌ಗೆ ಎಳೆದುಕೊಂಡು ಹೋದದ್ದು.

ಗೊತ್ತಿಲ್ಲದೆ ಓದುವವರಿಗೆ ಎರಡು ಮಾತು. ಇದು ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ 2003ರಲ್ಲಿ ಶುರುಮಾಡಿದ ವರ್ಚುವಲ್ ಲೋಕ. ಗೇಮ್ ಅಂದುಕೊಂಡು ಹೋದರೆ ಬೋರ್ ಹೊಡೆಯುತ್ತದೆ. ಗೆಲ್ಲುವುದು ಸೋಲುವುದು ಏನೂ ಇಲ್ಲ. ಜನ ಮನೆ ಕಟ್ಟುತ್ತಾರೆ, ಬಟ್ಟೆ ಮಾರುತ್ತಾರೆ, ಹಾಡುತ್ತಾರೆ, ಗ್ಯಾಲರಿ ನಡೆಸುತ್ತಾರೆ. ವ್ಯವಹಾರ ಲಿಂಡನ್ ಡಾಲರಿನಲ್ಲಿ. ಒಂದು ಅಮೆರಿಕನ್ ಡಾಲರಿಗೆ ಸುಮಾರು 250 ಲಿಂಡನ್ ಅಂತ ಇಟ್ಟುಕೊಳ್ಳಿ. ಲಿಂಡನ್ ಅನ್ನು ಮತ್ತೆ ನಿಜವಾದ ಡಾಲರ್ ಮಾಡಿಕೊಳ್ಳಬಹುದು. ನನ್ನ ತಲೆನೋವು ಶುರುವಾದದ್ದೇ ಅಲ್ಲಿಂದ.

ಅಲ್ಲಿ ದಾನಕ್ಕೆ ದೊಡ್ಡ ಪರಂಪರೆಯೇ ಇದೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ರಿಲೇ ಫಾರ್ ಲೈಫ್ ಆ ಲೋಕದಲ್ಲಿ 2005ರಿಂದ ವರ್ಷ ವರ್ಷ ನಡೆಯುತ್ತಿದೆ. ಅವತಾರಗಳು (ಅಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆ ರೂಪಗಳು) ಗುಂಪು ಗುಂಪಾಗಿ ಟ್ರ್ಯಾಕ್ ಸುತ್ತ ನಡೆಯುತ್ತವೆ, ಅಂಗಡಿಯವರು ಒಂದೊಂದು ಸಾಮಾನನ್ನು ಅದಕ್ಕೆಂದೇ ಮಾರುತ್ತಾರೆ, ಕಲಾವಿದರು ಚಿತ್ರ ಹರಾಜಿಗೆ ಇಡುತ್ತಾರೆ. ಇಷ್ಟು ವರ್ಷಗಳಲ್ಲಿ ಮಿಲಿಯನ್‌ಗಟ್ಟಲೆ ಡಾಲರ್ ಎತ್ತಿದ್ದಾರೆ. ಅದನ್ನೆಲ್ಲ ನೋಡಿ ನನಗೆ ಹುಮ್ಮಸ್ಸು ಬಂತು. ಒಬ್ಬರು ಗ್ಯಾಲರಿಯವರು ಕರೆದಾಗ ಒಂದು ಕ್ಷಣವೂ ಯೋಚಿಸದೆ ಆಯ್ತು ಅಂದೆ. ದೇಣಿಗೆ ಯಾರಿಗೆ ಅಂತ ನೀವೇ ಆರಿಸಿ ಅಂದರು. ನಮ್ಮ ಮನೆ ಹತ್ತಿರದ ಒಂದು ಸಣ್ಣ ಟ್ರಸ್ಟ್ ಹೆಸರು ಕೊಟ್ಟೆ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಾರೆ. ಅವರಿಗೆ ಪುಸ್ತಕದ ಕಪಾಟು ಬೇಕಿತ್ತು. ಕ್ಯಾನ್ಸರ್‌ಗೆ ಎಲ್ಲರೂ ಕೊಡುತ್ತಾರೆ, ನಮ್ಮ ಮಕ್ಕಳಿಗೆ ಯಾರು ಕೊಡುತ್ತಾರೆ ಅಂತ ಒಳಗೊಳಗೇ ಒಂದು ಜಂಬ ಬೇರೆ.

ಉದ್ಘಾಟನೆ ಅಲ್ಲಿನ ಮಧ್ಯಾಹ್ನ ಒಂದು ಗಂಟೆಗೆ. ಸೆಕೆಂಡ್ ಲೈಫ್ ಗಡಿಯಾರ ಕ್ಯಾಲಿಫೋರ್ನಿಯಾದ್ದು. ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ. ಫ್ಯಾನ್ ಜೋರಾಗಿ ಸದ್ದು ಮಾಡುತ್ತಿತ್ತು, ಮನೆಯ ಫ್ಯಾನ್ ಅಲ್ಲ, ಲ್ಯಾಪ್‌ಟಾಪಿನದ್ದು. ನರಿಯ ಬಾಲ ಇಟ್ಟುಕೊಂಡ ಒಂದು ಅವತಾರ ಪರಿಷೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತಿತು. ಈ ಗುಡ್ಡೆಗಳು ಕಲ್ಲಾ ಅಂತ ಕೇಳಿತು. ಅಲ್ಲ, ಕಡಲೆಕಾಯಿ ಅಂದೆ. ಕಾರ್ತಿಕದ ಕೊನೆ ಸೋಮವಾರ, ರೈತರು ಮೊದಲ ಬೆಳೆ ತಂದು ದೊಡ್ಡ ಬಸವಣ್ಣನಿಗೆ ಒಪ್ಪಿಸುವುದು, ರಸ್ತೆಯುದ್ದಕ್ಕೂ ಸೇರಿನಲ್ಲಿ ಅಳೆದು ಸುರಿಯುವುದು, ಎಲ್ಲ ಟೈಪ್ ಮಾಡಿದೆ. ಆ ನರಿ ದೇಣಿಗೆ ಡಬ್ಬಿಗೆ 2,000 ಲಿಂಡನ್ ಹಾಕಿತು. ಎಂಟು ಡಾಲರ್. ಡಬ್ಬಿ ಚಾಟಿನಲ್ಲಿ ಥ್ಯಾಂಕ್ಸ್ ಹೇಳಿತು. ನನಗೋ ಕಣ್ಣಲ್ಲಿ ನೀರು.

ಈಗ ತಪ್ಪು ಎಲ್ಲಾಯಿತು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಆ ಡಬ್ಬಿ ನನ್ನದು. ಸೆಕೆಂಡ್ ಲೈಫ್‌ನ ಆನ್‌ಲೈನ್ ಅಂಗಡಿ ಮಾರ್ಕೆಟ್‌ಪ್ಲೇಸಿನಿಂದ ತಂದು, ಗ್ಯಾಲರಿ ನೆಲದ ಮೇಲೆ ನಾನೇ ಹೊರತೆಗೆದು ಇಟ್ಟದ್ದು, ಅಲ್ಲಿನ ಮಾತಲ್ಲಿ ರೆಜ್ ಮಾಡಿದ್ದು. ಸೆಕೆಂಡ್ ಲೈಫ್‌ನಲ್ಲಿ ಒಂದು ವಸ್ತುವಿಗೆ ಹಣ ಹಾಕಿದರೆ ಅದು ಆ ವಸ್ತುವಿನ ಮಾಲೀಕರ ಖಾತೆಗೆ ಹೋಗುತ್ತದೆ. ಡಬ್ಬಿ ಮೇಲೆ ಟ್ರಸ್ಟ್ ಹೆಸರು ಬರೆದಿರಲಿ, ಮಕ್ಕಳ ಫೋಟೋ ಅಂಟಿಸಿರಲಿ, ವ್ಯವಸ್ಥೆಗೆ ಅದ್ಯಾವುದೂ ಕಾಣುವುದಿಲ್ಲ. ಮಾಲೀಕರು ಯಾರು ಅನ್ನುವುದಷ್ಟೇ ಲೆಕ್ಕ. ಪಕ್ಕದಲ್ಲೇ ತೂಗುಹಾಕಿದ್ದ ನನ್ನ ಚಿತ್ರಗಳೂ ಮಾರಾಟಕ್ಕಿದ್ದವು. ಆ ದುಡ್ಡೂ ಅದೇ ಖಾತೆಗೆ. ನರಿ ಕೊಟ್ಟ ದಾನ, ಯಾರೋ ಲಾಲ್‌ಬಾಗಿನ ಚಿತ್ರ ಕೊಂಡ ಬೆಲೆ, ಎರಡೂ ಸೇರಿ ಒಂದೇ ಬ್ಯಾಲೆನ್ಸ್. ನಾನು ಅದಷ್ಟನ್ನೂ ಮಾರಿ ಡಾಲರ್ ಮಾಡಿ, ಪೇಪಾಲ್ ಮೂಲಕ ಬ್ಯಾಂಕಿಗೆ ತರಿಸಿದೆ. ಹಣ ಯಾಕೆ ಬಂತು ಅಂತ ಪರ್ಪಸ್ ಕೋಡ್ ಕೇಳಿದಾಗ ಎಂದಿನಂತೆ ಕಲೆ, ವಿನ್ಯಾಸದ ಸೇವೆ ಅಂತಲೇ ಇತ್ತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

ಖುಷಿಯಿಂದ ಟ್ರಸ್ಟಿಗೆ ಹೋದೆ. ಅಲ್ಲಿ ಲೆಕ್ಕ ನೋಡುವ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದಾರೆ. ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಒಳ್ಳೆ ಮನಸ್ಸಿಂದ ಮಾಡಿದ್ದೀರಮ್ಮ, ಆದ್ರೆ ಈ ದುಡ್ಡು ನಮ್ಮ ಅಕೌಂಟಿಗೆ ಮಾತ್ರ ಹಾಕಬೇಡಿ" ಅಂದರು.

ವಿದೇಶಿ ದೇಣಿಗೆಗೆ 2010ರ ಕಾಯ್ದೆ ಇದೆ, ಎಫ್‌ಸಿಆರ್‌ಎ ಅಂತಾರಲ್ಲ, ಅದು. ಹೊರದೇಶದವರ ದೇಣಿಗೆ ತೆಗೆದುಕೊಳ್ಳಬೇಕಾದರೆ ಸಂಸ್ಥೆ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕು, ಇಲ್ಲವೇ ಮೊದಲೇ ಅನುಮತಿ ಪಡೆದಿರಬೇಕು. 2020ರ ತಿದ್ದುಪಡಿ ಬಂದ ಮೇಲೆ ಇನ್ನೂ ಬಿಗಿ. ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಬ್ಬರು ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಬ್ಬರಿಗೆ ದಾಟಿಸುವಂತೆಯೂ ಇಲ್ಲ. ಈಗ ರೂಪಾಯಿ ಆಗಿದೆಯಲ್ಲ ಸಾರ್, ನನ್ನ ಅಕೌಂಟಿಂದ ತಾನೇ ಕೊಡೋದು ಅಂತ ವಾದ ಮಾಡಿದೆ. ರೂಪಾಯಿ ಆದರೂ ಅಷ್ಟೇ, ನಡುವೆ ಎಷ್ಟು ಕೈ ದಾಟಿದರೂ ಅಷ್ಟೇ, ಕೊಟ್ಟವರು ಯಾರು ಅಂತ ನೋಡುತ್ತಾರೆ ಅಂದರು. ಇಲ್ಲಿನ ಬಡಾವಣೆಯವರ ಚಂದಾದಲ್ಲಿ ನಡೆಯುವ ಆ ಟ್ರಸ್ಟಿಗೆ ನೋಂದಣಿ ಇರಲಿಲ್ಲ. ಬೇಕು ಅಂತ ಅವರಿಗೆ ಯಾವತ್ತೂ ಅನಿಸಿರಲೂ ಇಲ್ಲ.

ನನ್ನ ಚಿತ್ರ ಮಾರಿದ ದುಡ್ಡಿಗೆ ಈ ತಕರಾರು ಇಲ್ಲ, ಗಮನಿಸಿ. ಅದು ನನ್ನ ಸಂಪಾದನೆ. ಟ್ಯಾಕ್ಸ್ ಕಟ್ಟಿ ಯಾರಿಗೆ ಬೇಕಾದರೂ ಕೊಡಬಹುದು. ಡಬ್ಬಿಗೆ ಬಿದ್ದದ್ದು ಮಾತ್ರ ಬೇರೆ. ಅದನ್ನು ನಾನು ಮಕ್ಕಳ ಹೆಸರು ಹೇಳಿ ಎತ್ತಿದ್ದು. ಎರಡನ್ನೂ ಕಲಸಿಬಿಟ್ಟಿದ್ದರಿಂದ ಯಾವುದು ಎಷ್ಟು ಅಂತ ಬಿಡಿಸುವುದಕ್ಕೇ ವ್ಯವಹಾರದ ಪಟ್ಟಿ ತೆಗೆದು ಸಾಲು ಸಾಲು ಗುರುತು ಹಾಕಬೇಕಾಯಿತು. ಡಬ್ಬಿಯನ್ನಾದರೂ ಬೇರೆ ಅವತಾರದ ಹೆಸರಲ್ಲಿ ಇಟ್ಟಿದ್ದರೆ ಲೆಕ್ಕ ಸಲೀಸಾಗುತ್ತಿತ್ತು. ಆದರೆ ಕಾನೂನಿನ ಮುಂದೆ ಅದರಿಂದ ಏನೂ ಆಗುತ್ತಿರಲಿಲ್ಲ. ಡಬ್ಬಿಯ ಹಣ ನನ್ನ ಕೈಗೆ ಬರಲೇಬಾರದಿತ್ತು.

ವಾಪಸ್ ಕೊಟ್ಟೆ. ಹೇಗೆ ಅಂತೀರಿ? ಲಿಂಡನ್ ಮಾರುವಾಗ ಕಮಿಷನ್ ಹೋಗಿತ್ತು, ಡಾಲರ್ ತೆಗೆಯುವಾಗ ಫೀ ಹೋಗಿತ್ತು, ರೂಪಾಯಿ ಆಗುವಾಗ ರೇಟಿನಲ್ಲಿ ಹೋಗಿತ್ತು. ಈಗ ಕಾರ್ಡಿನಲ್ಲಿ ಮತ್ತೆ ಲಿಂಡನ್ ಕೊಂಡೆ. ಅದಕ್ಕೂ ಫೀ, ಬ್ಯಾಂಕಿನ ಫಾರೆಕ್ಸ್ ಚಾರ್ಜ್ ಬೇರೆ. ಒಬ್ಬೊಬ್ಬರ ಪ್ರೊಫೈಲ್ ತೆರೆದು, ಪೇ ಒತ್ತಿ, ಜೊತೆಗೆ ಒಂದು ನೋಟ್‌ಕಾರ್ಡ್ (ಅಲ್ಲಿನ ಚೀಟಿ) ಕಳಿಸಿ ಕ್ಷಮೆ ಕೇಳಿದೆ. ಕೆಲವರು ನೀವೇ ಇಟ್ಟುಕೊಳ್ಳಿ ಅಂದರು. ಬೇಡ ಅಂದೆ. ನರಿಬಾಲದವಳು ಮಾತ್ರ ಬೈದಳು, ನನಗಲ್ಲ, ನಮ್ಮ ಕಾನೂನಿಗೆ. ಕಪಾಟನ್ನು ಕೊನೆಗೆ ನನ್ನ ಕೈಯಿಂದಲೇ ಮಾಡಿಸಿಕೊಟ್ಟೆ. ಮಾತು ಕೊಟ್ಟಾಗಿತ್ತಲ್ಲ.

ಹಾಗಾಗಿ ನಿಮ್ಮ ಅರ್ಧ-ಪೂರ್ತಿಯ ಪ್ರಶ್ನೆಯನ್ನು ನಾನು ಒಪ್ಪುವುದೇ ಇಲ್ಲ. ಒಂದು ಚಿತ್ರ ಅಲ್ಲಿ 500 ಲಿಂಡನ್‌ಗೆ ಹೋದರೆ ಅದು ಎರಡು ಡಾಲರ್. ಅದರಲ್ಲಿ ಅರ್ಧ ಇಟ್ಟುಕೊಂಡು ಏನು ಮಾಡುತ್ತೀರಿ? ಒಂದು ಮಸಾಲೆ ದೋಸೆ, ಒಂದು ಕಾಫಿ. ದಾನಕ್ಕೆ ಅಂತ ಇಟ್ಟ ಚಿತ್ರವನ್ನು ಪೂರ್ತಿ ದಾನಕ್ಕೆ ಬಿಡಿ, ಒಂದೋ ಎರಡೋ ಸಾಕು. ಉಳಿದವನ್ನು ಬೇರೆ ಗೋಡೆಯ ಮೇಲೆ ನಿಮ್ಮ ಹೆಸರಲ್ಲಿ, ನಿಮ್ಮ ಬೆಲೆಗೆ ಮಾರಿ, ಹಾಗಂತ ಬೋರ್ಡ್ ಹಾಕಿ. ಮಾರಿದ ಹಣವನ್ನು ತಾನಾಗಿಯೇ ಐವತ್ತು-ಐವತ್ತು ಅಂತ ಹಂಚುವ ಸಣ್ಣ ಪ್ರೋಗ್ರಾಂಗಳೂ, ಅಂದರೆ ವೆಂಡರ್ ಸ್ಕ್ರಿಪ್ಟ್‌ಗಳೂ ಸಿಗುತ್ತವೆ. ಆದರೆ ಹಂಚಬೇಕಾದರೆ ಆ ಸ್ಕ್ರಿಪ್ಟ್ ಮಾಲೀಕರ ಖಾತೆಯಿಂದ ಹಣ ತೆಗೆಯುವ ಅನುಮತಿ ಕೇಳುತ್ತದೆ. ಯಾರೋ ಬರೆದ ಸ್ಕ್ರಿಪ್ಟಿಗೆ ಆ ಅನುಮತಿ ಕೊಡುವುದೂ ಒಂದೇ, ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವುದೂ ಒಂದೇ. ನಾನಂತೂ ಕೊಡುವುದಿಲ್ಲ.

ದುಡ್ಡು ಅಲ್ಲೇ ಹುಟ್ಟಿ ಅಲ್ಲಿಂದಲೇ ಸೇರಬೇಕಾದಲ್ಲಿಗೆ ಸೇರುವಂಥ ಕೆಲಸಕ್ಕೆ ಚಿತ್ರ ಕೊಡಿ. ರಿಲೇ ಫಾರ್ ಲೈಫ್‌ನಂಥದ್ದಕ್ಕೆ ಅಧಿಕೃತ ಕಿಯಾಸ್ಕ್‌ಗಳಿವೆ, ಅಂದರೆ ಅವರದೇ ದೇಣಿಗೆ ಡಬ್ಬಿಗಳು. ಹಣ ಕಲಾವಿದರ ಕೈಗೂ ಬರುವುದಿಲ್ಲ, ಗ್ಯಾಲರಿಯವರ ಕೈಗೂ ಬರುವುದಿಲ್ಲ. ಬೆಂಗಳೂರಿನ ಶಾಲೆಗೆ ಸಹಾಯ ಮಾಡಲೇಬೇಕು ಅಂದರೆ ಬೆಂಗಳೂರಲ್ಲೇ ಮಾಡಿ. ಚಿತ್ರಸಂತೆಯಲ್ಲಿ ನಿಮ್ಮ ಪಕ್ಕ ಟ್ರಸ್ಟಿನ ಯುಪಿಐ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಕೊಟ್ಟವರ ಹಣ ನೇರ ಅವರ ಖಾತೆಗೆ ಹೋಗುತ್ತದೆ, ಟ್ರಸ್ಟಿಗೆ 80ಜಿ (ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ) ಇದ್ದರೆ ರಸೀದಿಯೂ ಕೊಟ್ಟವರ ಹೆಸರಿಗೇ ಬರುತ್ತದೆ. ನೀವು ಎತ್ತಿ ನೀವು ಕಟ್ಟಿದರೆ ರಸೀದಿ ನಿಮ್ಮ ಹೆಸರಿಗೆ ಬರುತ್ತದೆ, ಅದು ಇನ್ನೊಂದು ಮುಜುಗರ. ಇಲ್ಲ, ಅಲ್ಲಿನವರಿಂದಲೇ ಎತ್ತಿ ಇಲ್ಲಿಗೆ ತರಬೇಕು ಅನ್ನುವುದಾದರೆ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯನ್ನು ಹುಡುಕಿ, ಅವರ ಅಕೌಂಟೆಂಟ್ ಹತ್ತಿರ ಮೊದಲು ಮಾತಾಡಿ. ಪ್ರದರ್ಶನದ ಪೋಸ್ಟರ್ ಮಾಡುವುದು ಆಮೇಲೆ.

ಹೆಸರು ಬರುತ್ತಾ ಅಂದಿರಲ್ಲ. ಸಹಾಯಾರ್ಥ ಪ್ರದರ್ಶನಕ್ಕೆ ಬರುವವರು ಕಾರಣ ನೋಡಿ ಬರುತ್ತಾರೆ, ಹಾಡು ಕೇಳುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹೆಸರು ಬೇಕಾದರೆ ಒಂಟಿ ಪ್ರದರ್ಶನ ಮಾಡಿ. ಕಲಾವಿದರಿಗೆ ಜಾಗ ಕೊಡುತ್ತಿದ್ದ ಲಿಂಡನ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ 2019ರಲ್ಲೇ ಮುಚ್ಚಿತು. ಈಗ ಎಷ್ಟೋ ಗ್ಯಾಲರಿಯವರು ತಮ್ಮ ಜೇಬಿನಿಂದಲೇ ನೆಲದ ಬಾಡಿಗೆ ಕಟ್ಟುತ್ತಾರೆ. ಆದರೂ ಹೊಸಬರನ್ನು ಕರೆಯುವವರು ಇದ್ದಾರೆ, ಕೇಳಬೇಕು ಅಷ್ಟೇ. ನನಗೆ ಒಂದು ಪುಸ್ತಕದ ಕೆಲಸ ಸಿಕ್ಕಿದ್ದು ಹಾಗೆ ಮಾಡಿದ ಸಣ್ಣ ಪ್ರದರ್ಶನದಿಂದ, ದಾನದ ಗದ್ದಲದಿಂದಲ್ಲ.

ಚಿತ್ರ ಕೊಡುವಾಗ ಪರ್ಮಿಷನ್ ನೋಡಿಕೊಳ್ಳಿ, ಅಂದರೆ ಪಡೆದವರು ಅದನ್ನು ನಕಲು ಮಾಡಬಹುದಾ (ಕಾಪಿ), ಬದಲಿಸಬಹುದಾ (ಮಾಡಿಫೈ), ಬೇರೆಯವರಿಗೆ ಕೊಡಬಹುದಾ (ಟ್ರಾನ್ಸ್‌ಫರ್) ಅನ್ನುವ ಮೂರು ಟಿಕ್. ಹರಾಜಿನ ಚಿತ್ರಕ್ಕೆ ಕಾಪಿಯ ಟಿಕ್ ತೆಗೆದುಹಾಕಿ ಟ್ರಾನ್ಸ್‌ಫರ್ ಮಾತ್ರ ಇಡಿ, ಒಂದೇ ಪ್ರತಿ ಅನ್ನುವುದಕ್ಕೆ ಆಗ ಅರ್ಥ ಬರುತ್ತದೆ. ಮೂರಕ್ಕೂ ಟಿಕ್ ಹಾಕಿ ಆಯೋಜಕರಿಗೆ ಕಳಿಸಿದರೆ ನಿಮ್ಮ ಚಿತ್ರ ಎಲ್ಲೆಲ್ಲಿ ಸುತ್ತುತ್ತದೋ ಶಿವನಿಗೇ ಗೊತ್ತು. ಅಪ್‌ಲೋಡ್‌ಗೆ 1024 ಪಿಕ್ಸೆಲ್ ಸಾಕು. ಪ್ರಿಂಟ್ ಅಳತೆಯ ಫೈಲನ್ನು ಯಾರಿಗೂ ಕೊಡಬೇಡಿ.

ನಿಮಗೆ ಬಂದ ಆಹ್ವಾನದ ನೋಟ್‌ಕಾರ್ಡಿನಲ್ಲಿ ಡಬ್ಬಿಯ ಮಾಲೀಕರು ಯಾರು ಅಂತ ಬರೆದಿದೆಯಾ? ಬರೆದಿಲ್ಲ ಅಂತ ನನ್ನ ಅಂದಾಜು. ಇವತ್ತೇ ಮೆಸೇಜ್ ಮಾಡಿ ಕೇಳಿ. ಉತ್ತರ ಬರುವ ತನಕ ಒಂದು ಚಿತ್ರವನ್ನೂ ಅಪ್‌ಲೋಡ್ ಮಾಡಬೇಡಿ, ಒಂದೊಂದಕ್ಕೂ 10 ಲಿಂಡನ್ ಸುಮ್ನೆ ಯಾಕೆ.